ಬಿಲ್ಹಣನ ಸೆರೆಮನೆ

ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಹೆಸರನ್ನು ಕೇಳದ ಕನ್ನಡಿಗರು ವಿರಳ. ಕ್ರಿ. ಶ. 1076ರಿಂದ 1126ರವರೆಗೆ ಆಳಿದ ಈ ದೊರೆ ತನ್ನ ಹೆಸರಿನ ಶಕವನ್ನೇ ನಡೆಸಿದನು. ಅವನ ಆಶ್ರಯದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ವನ್ನು ಬರೆದನು, ದೂರದ ಕಾಶ್ಮೀರದಿಂದ ಬಂದ ಬಿಲ್ಹಣನು ‘ವಿದ್ಯಾಪತಿ’ ಎನಿಸಿಕೊಂಡು ‘ವಿಕ್ರಮಾಂಕದೇವಚರಿತ’ವನ್ನು ರಚಿಸಿದನು. ಇದೇ ಬಿಲ್ಹಣನ ಹೆಸರಿಗೆ ಇನ್ನೊಂದು ಪುಟ್ಟ ಕಾವ್ಯವೂ ಅಂಟಿಕೊಂಡಿದೆ. ಅದೇ ‘ಚೌರಪಂಚಾಶಿಕಾ’, ಎಂದರೆ ಕಳ್ಳನ ಐವತ್ತು ಪದ್ಯಗಳು. ಆ ಕಳ್ಳತನ ಒಲವಿನ ಕಳ್ಳತನ. ಪದ್ಯಗಳು ಹುಟ್ಟಿದ್ದು ಸೆರೆಮನೆಯಲ್ಲಿ ಎಂದು ಪ್ರತೀತಿ.

ಕಥೆಯನ್ನು ನೀವೂ ಕೇಳಿರಬಹುದು. ಕವಿಯೊಬ್ಬನು ರಾಜಪುತ್ರಿಗೆ ಪಾಠ ಹೇಳಲು ನೇಮಕವಾಗುತ್ತಾನೆ. ಕಥೆಯ ಒಂದು ರೂಪದಲ್ಲಿ, ಗುರು ಕುರುಡನೆಂದು ಅವಳಿಗೂ ಶಿಷ್ಯೆ ಕುಷ್ಠರೋಗಿಯೆಂದು ಅವನಿಗೂ ತಿಳಿಸಿ ನಡುವೆ ತೆರೆ ಕಟ್ಟುತ್ತಾರೆ. ಒಂದು ರಾತ್ರಿ ಅವನು ಚಂದ್ರೋದಯವನ್ನು ವರ್ಣಿಸುತ್ತಾನೆ. ಕುರುಡನಿಗೆ ಚಂದ್ರನು ಕಾಣುವುದೆಂತು? ತೆರೆ ಸರಿಯುತ್ತದೆ; ಒಲವು ಬೆಳೆಯುತ್ತದೆ; ಸಂಗತಿ ಅರಸನಿಗೆ ತಿಳಿದು ಕವಿ ಸೆರೆಮನೆ ಸೇರುತ್ತಾನೆ. ಮರಣದಂಡನೆಯನ್ನು ಎದುರುನೋಡುತ್ತ ಅವನು ಹಾಡಿದ ಪದ್ಯಗಳನ್ನು ಕೇಳಿ ಅರಸನ ಮನಸ್ಸು ಕರಗಿ, ಮಗಳನ್ನು ಅವನಿಗೇ ಕೊಡುತ್ತಾನೆ.

ಈಗ ಪದ್ಯಗಳನ್ನು ನೋಡೋಣ. ಎಲ್ಲವೂ ವಸಂತತಿಲಕ ವೃತ್ತದಲ್ಲಿವೆ. ಒಂದೊಂದೂ ‘ಅದ್ಯಾಪಿ’, ಅಂದರೆ ‘ಇಂದಿಗೂ’, ಎಂಬ ಮಾತಿನಿಂದಲೇ ಆರಂಭವಾಗುತ್ತದೆ. ಎದುರಿಗಿಲ್ಲದವಳನ್ನು ಆ ಒಂದು ಮಾತು ಐವತ್ತು ಸಲ ಕರೆದು ತರುತ್ತದೆ. ಸೆರೆಯ ಗೋಡೆ, ಬೀಗ, ಸಂಕೋಲೆಗಳ ವರ್ಣನೆಗೆ ಕವಿ ಕೈಹಾಕುವುದಿಲ್ಲ. ಸಂಪಿಗೆಯ ಮಾಲೆ, ಅರಳಿದ ತಾವರೆ, ಹುಣ್ಣಿಮೆಯ ಚಂದ್ರ ಇವೆಲ್ಲ ಸಂಸ್ಕೃತ ಕವಿಗಳು ಮತ್ತೆಮತ್ತೆ ಬಳಸಿದ ಉಪಮಾನಗಳೇ. ಆದರೆ ಪ್ರಚಲಿತವಾದ ಪಾಠವೊಂದರ ಮೊದಲ ಪದ್ಯದಲ್ಲಿಯೇ ಇವುಗಳ ಜೊತೆಗೆ ಬೇರೊಂದು ಹೋಲಿಕೆ ಬರುತ್ತದೆ. ಎಚ್ಚರದಪ್ಪಿ ಕಳೆದುಕೊಂಡ ವಿದ್ಯೆಯಂತೆ ಅವಳನ್ನು ನೆನೆಯುತ್ತೇನೆ ಎನ್ನುತ್ತಾನೆ ಕವಿ. ಕಷ್ಟಪಟ್ಟು ಕಲಿತದ್ದು ಬಾಯಿಗೆ ಬಾರದೆ ತೊಳಲುವ ಪಂಡಿತನಿಗೆ ಮಾತ್ರ ಹೊಳೆಯಬಹುದಾದ ಹೋಲಿಕೆ ಇದು.

ಇನ್ನೊಂದು ಪದ್ಯವನ್ನು ಗಮನಿಸಿ. ಮುನಿಸಿಕೊಂಡ ರಾಜಪುತ್ರಿಯ ಎದುರು ಅವನು ಸೀನುತ್ತಾನೆ. ಸೀನಿದವರಿಗೆ ‘ಚಿರಂಜೀವಿ’ ಎನ್ನುವುದು ಇಂದಿಗೂ ನಮ್ಮ ಮನೆಗಳಲ್ಲಿ ಉಂಟಷ್ಟೆ. ಅವಳು ಬಾಯಿ ಬಿಟ್ಟು ಹರಸಲೊಲ್ಲಳು. ಆದರೆ ಚಿನ್ನದ ಓಲೆಯನ್ನು ತೆಗೆದು ಮೌನವಾಗಿ ಕಿವಿಗೆ ಇಟ್ಟುಕೊಳ್ಳುತ್ತಾಳೆ. ಚಿನ್ನ ಮಂಗಳದ್ರವ್ಯ. ಕೋಪವೂ ಉಳಿಯಿತು, ಅವನ ಆಯುಷ್ಯಕ್ಕೆ ಹಾರೈಕೆಯೂ ಸಂದಿತು! ಸಾವಿನ ಬಾಗಿಲಲ್ಲಿ ನಿಂತವನು ನೆನೆದದ್ದು ಇದನ್ನು ಎಂದುಕೊಂಡು ಓದಿದರೆ ಈ ಚಿಕ್ಕ ಘಟನೆಯ ಭಾರ ಎಷ್ಟಾಗುತ್ತದೆ ನೋಡಿ. ಯಮದೂತರಂಥ ಭಟರು ತನ್ನನ್ನು ಎಳೆದೊಯ್ದ ಮಾತು ಮತ್ತೊಂದು ಪದ್ಯದಲ್ಲಿ ಬರುತ್ತದೆ. ಅಲ್ಲಿಯೂ ಕವಿಯ ಮನಸ್ಸು ಭಟರ ಮೇಲಿಲ್ಲ. ತನಗಾಗಿ ಪರಿತಪಿಸಿದ ಅವಳ ಮೇಲಿದೆ.

ಹಾಗಾದರೆ ಸೆರೆಮನೆ ನಿಜವೇ? ವಿಕ್ರಮಾಂಕದೇವಚರಿತದ ಹಸ್ತಪ್ರತಿಯನ್ನು ಬ್ಯೂಲರ್ ಎಂಬ ವಿದ್ವಾಂಸರು 1874ರಲ್ಲಿ ಜೈಸಲ್ಮೇರಿನಲ್ಲಿ ಕಂಡು, ಮರುವರ್ಷ ಅಚ್ಚು ಹಾಕಿಸಿದರು. ಅದರ ಹದಿನೆಂಟನೆಯ ಸರ್ಗದಲ್ಲಿ ಬಿಲ್ಹಣನು ತನ್ನ ಊರು, ವಂಶ, ಮಥುರೆ, ಕನೌಜ, ಪ್ರಯಾಗ, ಕಾಶಿಗಳ ಮೂಲಕ ಮಾಡಿದ ಸಂಚಾರ, ಕಲ್ಯಾಣದಲ್ಲಿ ದೊರೆತ ಮನ್ನಣೆ ಎಲ್ಲವನ್ನೂ ಹೇಳಿಕೊಂಡಿದ್ದಾನೆ. ಸೆರೆಯ ಮಾತಿಲ್ಲ. ಹನ್ನೆರಡನೆಯ ಶತಮಾನದ ಕಲ್ಹಣನು ‘ರಾಜತರಂಗಿಣಿ’ಯಲ್ಲಿ ಕರ್ಣಾಟದ ಅರಸನು ಇವನಿಗಿತ್ತ ವೈಭವವನ್ನು ಹೇಳುತ್ತಾನೆ, ಅಲ್ಲಿಯೂ ಸೆರೆಯಿಲ್ಲ. ಕಥೆಯ ಅರಸನೋ ಒಂದೆಡೆ ಗುಜರಾತಿನವನು, ಇನ್ನೊಂದೆಡೆ ಪಾಂಚಾಲದ ಮದನಾಭಿರಾಮ. ಬಂಗಾಳದಲ್ಲಿ ಇಂಥದೇ ಕಥೆಯ ನಾಯಕ ಸುಂದರ, ನಾಯಿಕೆ ವಿದ್ಯಾ. ಭಾರತಚಂದ್ರನು 1752ರ ಹೊತ್ತಿಗೆ ಅದನ್ನು ಕಾವ್ಯವಾಗಿಸಿದನು. ‘ವಿದ್ಯೆಯಂತೆ’ ಎಂಬ ಉಪಮೆಯೇ ಅಲ್ಲಿ ನಾಯಿಕೆಯ ಹೆಸರಾಯಿತೆಂದು ಊಹಿಸುವುದಕ್ಕೆ ಅವಕಾಶವುಂಟು. ಪದ್ಯಗಳ ಪಾಠವೂ ಒಂದೇ ಅಲ್ಲ; ಉತ್ತರ ದಕ್ಷಿಣಗಳ ಪ್ರತಿಗಳಲ್ಲಿ ಸಮಾನವಾಗಿರುವ ಪದ್ಯಗಳು ಬಹಳ ಕಡಮೆ. ಕಾವ್ಯ ಬಿಲ್ಹಣನದೆಂಬುದಕ್ಕೂ ಪರಂಪರೆಯೇ ಮುಖ್ಯ ಆಧಾರ.

ಆದುದರಿಂದ ಸೆರೆಯಿಂದ ಕಾವ್ಯ ಹುಟ್ಟಿತೆಂಬುದಕ್ಕಿಂತ, ಕಾವ್ಯದಿಂದ ಸೆರೆಯ ಕಥೆ ಬೆಳೆಯಿತೆಂಬುದೇ ಹೆಚ್ಚು ಸಂಭವ. ರಾಜಪುತ್ರಿ, ಯಮದೂತರಂಥ ಭಟರು, ಪ್ರತಿ ಪದ್ಯದ ‘ಇಂದಿಗೂ’ ಇವನ್ನು ಕೇಳಿದ ಜನ, ಹೀಗೆ ನೆನೆಯುವವನು ಎಲ್ಲಿರಬೇಕು ಎಂದು ತಮ್ಮಲ್ಲಿಯೇ ಕೇಳಿಕೊಂಡು, ಅವನ ಸುತ್ತ ಗೋಡೆಯನ್ನು ಎತ್ತಿದರು. ಇದನ್ನು ಮರೆತು ಉಪಮೆಗಳನ್ನೇ ದಾಖಲೆಗಳೆಂದು ಹಿಡಿದರೆ, ಕವಿಯನ್ನು ಆದರಿಸಿದ ಕಲ್ಯಾಣದ ಅರಸನ ಮೇಲೆ ಇಲ್ಲದ ಅಪವಾದವನ್ನು ಹೊರಿಸಿದಂತಾದೀತು. ಕಥೆಯನ್ನು ಸುಳ್ಳೆಂದು ತಳ್ಳಿ ಕಾವ್ಯವನ್ನೂ ಬದಿಗಿಟ್ಟರೆ ನಷ್ಟ ನಮ್ಮದೇ. ಅಗಲಿದವರನ್ನು ನೆನೆಯುವವನಿಗೆ ಕೈಗೆಟುಕದ ದೂರವೇ ಸೆರೆ. ಆ ಸೆರೆಯನ್ನು ಬಲ್ಲ ಓದುಗನಿಗೆ ಈ ಐವತ್ತು ಪದ್ಯಗಳ ಸತ್ಯಕ್ಕೆ ಬೇರೆ ಶಾಸನ ಬೇಕಾಗದು.