ಅಳಿಯನ ಕೈಗಡಿಯಾರ

ನಮ್ಮ ಕಡೆ ಮದುವೆಯ ಮಾತುಕತೆ ಮುಗಿಯುವ ಹೊತ್ತಿಗೆ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, “ಎಲ್ಲಾ ಆತು, ಅಳಿಯಗ ಒಂದು ವಾಚು ಕಟ್ಟಿಬಿಡ್ರಿ” ಎನ್ನುತ್ತಿದ್ದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು 1997ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಅಂದಿನ ಮದುವೆಗಳನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಸೈಕಲ್ಲು, ರೇಡಿಯೋ, ವಾಚು ಇವು ಮೂರೂ ಬೀಗರ ಕಡೆಯಿಂದಲೇ ಬರಬೇಕು.

ಆ ವಾಚು ಹುಟ್ಟುತ್ತಿದ್ದುದು ಬೆಂಗಳೂರಿನಲ್ಲಿ. ಕೇಂದ್ರ ಸರಕಾರದ ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಕೈಗಡಿಯಾರ ಮಾಡತೊಡಗಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಅಲ್ಲಿಯತನಕ ವಾಚೆಂದರೆ ಪರದೇಶದ ಮಾಲು, ಸಾಹುಕಾರರ ಸೊತ್ತು. ಎಚ್‌ಎಂಟಿಯ ‘ಜನತಾ’ ಬಂದ ಮೇಲೆ ಮಾಸ್ತರರೂ ಗುಮಾಸ್ತರೂ ಹೊತ್ತು ನೋಡಲು ತೋಳು ಮೇಲಕ್ಕೇರಿಸತೊಡಗಿದರು.

ಜನತಾಕ್ಕೆ ದಿನವೂ ಚಾವಿ ಕೊಡಬೇಕು. 1970ರ ದಶಕದಲ್ಲಿ ಬಂದ ಎಚ್‌ಎಂಟಿ ಆಟೊಮ್ಯಾಟಿಕ್‌ಗೆ ಆ ಗೋಜಿಲ್ಲ. ಅದರ ಒಳಗೆ ಅರ್ಧಚಂದ್ರದಂಥ ಒಂದು ಭಾರದ ತಟ್ಟೆ. ಕೈ ಆಡಿದಂತೆಲ್ಲ ಅದು ತಿರುಗಿ ಸ್ಪ್ರಿಂಗನ್ನು ಬಿಗಿಮಾಡುತ್ತದೆ. ಬಿಚ್ಚಿಟ್ಟರೂ ಒಂದೂವರೆ ದಿನದಷ್ಟು ನಡೆಯುತ್ತದೆ. ಮುಖದ ಮೇಲೆ ವಾರ, ತಾರೀಖು ಬೇರೆ. ಜಪಾನಿನ ಸೀಕೊ ಕಂಪನಿ 1963ರಲ್ಲೇ ‘ಸೀಕೊ 5’ ಎಂದು ಇಂಥದೇ ಗಟ್ಟಿಮುಟ್ಟಾದ, ನೀರು ತಡೆಯುವ ವಾಚನ್ನು ಆಡುವ ಓಡುವ ಹುಡುಗರಿಗಾಗಿ ಅಗ್ಗದಲ್ಲಿ ಮಾಡಿತ್ತು. ನಮ್ಮಲ್ಲಿ ಆ ಸ್ಥಾನ ಎಚ್‌ಎಂಟಿಯದು. ಅದರ ‘ಕಾಂಚನ್’ ಮದುವೆಯ ಉಡುಗೊರೆಯೆಂದೇ ದೇಶದಲ್ಲೆಲ್ಲ ಹೆಸರು ಮಾಡಿತು.

ಉಡುಗೊರೆ ಎಂಬ ಈ ಮಾತಿನಲ್ಲೇ ಇರುವುದು ಗುಟ್ಟು. ವರದಕ್ಷಿಣೆ ನಿಷೇಧ ಕಾಯ್ದೆ ಜಾರಿಗೆ ಬಂದದ್ದೂ ಅದೇ 1961ರಲ್ಲಿ, ಜುಲೈ 1ರಂದು. ಆದರೆ ಮದುವೆಗೆ ಪ್ರತಿಫಲವೆಂದು ಕೊಡದಿದ್ದರೆ ಹಣ, ಒಡವೆ, ಬಟ್ಟೆ, ಇತರ ವಸ್ತುಗಳ ಕಾಣಿಕೆ ವರದಕ್ಷಿಣೆಯಲ್ಲ ಎಂಬ ವಿವರಣೆಯೂ ಅದರಲ್ಲಿತ್ತು. ವಾಚು ಆ ಕಿಂಡಿಯಲ್ಲಿ ಸಲೀಸಾಗಿ ನುಸುಳಿತು. “ನಾವೇನು ಕೇಳಿದ್ವಾ? ಅವರಾಗೇ ಪ್ರೀತಿಲೆ ಕೊಟ್ಟಾರ” ಎಂದರೆ ಮುಗಿಯಿತು. 1984ರ ತಿದ್ದುಪಡಿಯಲ್ಲಿ ಆ ವಿವರಣೆಯನ್ನು ತೆಗೆದುಹಾಕಿದರು. ಅಷ್ಟರಲ್ಲಿ ಪದ್ಧತಿ ಬೇರು ಬಿಟ್ಟಾಗಿತ್ತು. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲದ ರೈತನಿಗೆ ಅದು ‘ಬರೇ ಒಂದು ವಾಚು’ ಆಗಿರಲಿಲ್ಲ. ಸಾಲದ ಲೆಕ್ಕದಲ್ಲಿ ಇನ್ನೊಂದು ಗೆರೆಯಾಗಿತ್ತು.

ಮದುಮಗಳ ಕೈಗೇನು? ಬಳೆ. ಹೆಂಗಸರಿಗೆಂದೇ ಎಚ್‌ಎಂಟಿ ‘ಸುಜಾತಾ’ ಎಂಬ ಪುಟ್ಟ ವಾಚು ಮಾಡುತ್ತಿತ್ತು. ಹಳ್ಳಿಗಳಲ್ಲಿ ಅದನ್ನು ಟೀಚರಮ್ಮನ ಕೈಯಲ್ಲೋ ನರ್ಸಮ್ಮನ ಕೈಯಲ್ಲೋ ನೋಡಬೇಕಿತ್ತು. “ಮನ್ಯಾಗ ಇರಾಕಿಗೆ ಟೈಮ್ ಯಾಕ?” ಎಂಬುದು ಆಗಿನ ವಾದ. ಬೆಳ್ಳಿಚುಕ್ಕಿ ಮೂಡುವ ಮೊದಲೇ ಎದ್ದು, ರೊಟ್ಟಿ ಬಡಿದು, ನೀರು ಹೊತ್ತು, ಗಂಗಾವತಿಯ ಗದ್ದೆಗಳಲ್ಲಿ ಬಗ್ಗಿ ಸಸಿ ನೆಟ್ಟ ಕೈಗಳವು. ಆಡುವ ಕೈಯಿಂದಲೇ ನಡೆಯುವ ಯಂತ್ರಕ್ಕೆ ಅವುಗಳಿಗಿಂತ ತಕ್ಕ ಕೈ ಎಲ್ಲಿತ್ತು? ವಾಚು ಮಾತ್ರ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕುಳಿತವನ ಮಣಿಕಟ್ಟಿನಲ್ಲಿತ್ತು. ಬೆಂಗಳೂರಿನ ಕಾರ್ಖಾನೆಯಲ್ಲಿ ಆ ವಾಚುಗಳ ಸಣ್ಣ ಸಣ್ಣ ಬಿಡಿಭಾಗಗಳನ್ನು ಜೋಡಿಸುತ್ತಿದ್ದವರಲ್ಲಿ ಹೆಣ್ಣುಮಕ್ಕಳೂ ಬಹಳ ಮಂದಿ ಇದ್ದರು ಎಂಬುದನ್ನು ನೆನೆದರೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ.

1987ರಲ್ಲಿ ಟೈಟನ್‌ನ ಬ್ಯಾಟರಿ ವಾಚುಗಳು ಪೇಟೆಗೆ ಬಂದವು. ಎಚ್‌ಎಂಟಿ ಮೆಲ್ಲಗೆ ಹಿಂದೆ ಬಿತ್ತು. 2016ರ ಜನವರಿಯಲ್ಲಿ ಅದರ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಈಗ ಹಳೆಯ ಎಚ್‌ಎಂಟಿಗಳನ್ನು ಶೋಕಿಯವರು ಹುಡುಕಿ ಕೊಳ್ಳುತ್ತಾರೆ.

ನಿಮ್ಮ ಮನೆಯ ಟ್ರಂಕಿನಲ್ಲೂ ಅಂಥದೊಂದು ಇರಬಹುದು. ತೆಗೆದು ನಾಲ್ಕು ಸಲ ಅಲುಗಿಸಿ; ಕೆಲವು ಇಂದಿಗೂ ನಡೆಯುತ್ತವೆ. ಮಗಳು “ಅಜ್ಜಂದಾ?” ಎಂದು ಕೇಳಿದರೆ ಬರೀ ಹೌದೆನ್ನಬೇಡಿ. ಅದಕ್ಕೆ ಹಣ ತೆತ್ತವರು ಅಜ್ಜಿಯ ತವರಿನವರೆಂಬುದನ್ನೂ ಹೇಳಿ. ಆಮೇಲೆ ಅದನ್ನು ಅವಳ ಕೈಗೇ ಕಟ್ಟಿ.