ಬೆಳ್ಳಿಯ ತಟ್ಟೆ ಮತ್ತು ಪೊಟೋಸಿಯ ಬೆಟ್ಟ

ಹಳೆಯ ಬೆಳ್ಳಿಯ ಪಾತ್ರೆಗಳನ್ನು ನಾವು ಕಲೆಯೆಂದೋ, ಮನೆತನದ ಪ್ರತಿಷ್ಠೆಯೆಂದೋ ಕಾಣುತ್ತೇವೆ. ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಹೊಳೆಯುವ ತಟ್ಟೆ, ಹೂಜಿಗಳ ಮೇಲೆ ಅವನ್ನು ರೂಪಿಸಿದ ಕುಶಲಕರ್ಮಿಯ ಮುದ್ರೆ ಇರುವುದುಂಟು. ಆ ಲೋಹವನ್ನು ಭೂಗರ್ಭದಿಂದ ಹೊತ್ತು ತಂದವನ ಗುರುತು ಮಾತ್ರ ಎಲ್ಲಿಯೂ ಇಲ್ಲ.

1545ರಲ್ಲಿ, ಇಂದಿನ ಬೊಲಿವಿಯಾದ ಪೊಟೋಸಿಯಲ್ಲಿ, ಸುಮಾರು 4,000 ಮೀಟರ್ ಎತ್ತರದ ಪ್ರದೇಶದಲ್ಲಿ ಸ್ಪೇನಿನವರಿಗೆ ಬೆಳ್ಳಿಯ ಬೆಟ್ಟವೊಂದು ದೊರೆಯಿತು. ಅದನ್ನು ಅವರು 'ಸೆರೊ ರಿಕೊ', ಅಂದರೆ ಸಿರಿವಂತ ಬೆಟ್ಟ ಎಂದು ಕರೆದರು. 1570ರ ದಶಕದಲ್ಲಿ ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ, ಇಂಕಾ ದೊರೆಗಳ ಕಾಲದ ಸರದಿ ದುಡಿಮೆಯನ್ನು ತಿರುಚಿ 'ಮಿತಾ' ಎಂಬ ಕಡ್ಡಾಯ ದುಡಿಮೆಯನ್ನು ಜಾರಿಗೆ ತಂದನು. ನಿಗದಿತ ಪ್ರಾಂತಗಳ ಮೂಲನಿವಾಸಿ ಗಂಡಸರಲ್ಲಿ ಏಳರಲ್ಲೊಬ್ಬರಂತೆ, ವರ್ಷಕ್ಕೆ ಸುಮಾರು 13,500 ಮಂದಿ ಪೊಟೋಸಿಗೆ ಬರಬೇಕಾಗಿತ್ತು. ಹಲವರು ಹೆಂಡತಿ ಮಕ್ಕಳೊಡನೆ ನೂರಾರು ಮೈಲಿ ನಡೆದು ಬರುತ್ತಿದ್ದರು. ಮೇಣದ ಬತ್ತಿಯ ಮಿಣುಕು ಬೆಳಕಿನಲ್ಲಿ, ಅದಿರಿನ ಮೂಟೆಯನ್ನು ಬೆನ್ನಿಗೆ ಕಟ್ಟಿಕೊಂಡು ಏಣಿಗಳನ್ನೇರುವುದು ಅವರ ನಿತ್ಯದ ಕೆಲಸವಾಗಿತ್ತು.

ಅಪಾಯವು ಗಣಿಯೊಳಗೆ ಮುಗಿಯುತ್ತಿರಲಿಲ್ಲ. ಬೆಳ್ಳಿಯನ್ನು ಬೇರ್ಪಡಿಸಲು ಅದಿರಿನ ಪುಡಿಗೆ ಪಾದರಸ ಬೆರೆಸಿ, ಕಾರ್ಮಿಕರಿಂದ ಬರಿಗಾಲಿನಲ್ಲಿ ತುಳಿಸಲಾಗುತ್ತಿತ್ತು. ಆ ಪಾದರಸವನ್ನು ಪೆರುವಿನ ಹುವಾಂಕವೆಲಿಕಾದಲ್ಲಿ ಇಂತಹದೇ ಕಡ್ಡಾಯ ದುಡಿಮೆಯಿಂದ ತೆಗೆಯಲಾಗುತ್ತಿತ್ತು. ಅದರ ವಿಷದಿಂದ ಕೈಕಾಲು ನಡುಗುತ್ತ ಊರಿಗೆ ಮರಳಿದವರೂ, ಮರಳದೇ ಹೋದವರೂ ಬಹಳ ಮಂದಿ. ಈ ವ್ಯವಸ್ಥೆಯು ಎರಡು ಶತಮಾನಗಳಿಗೂ ಮಿಗಿಲಾಗಿ ನಡೆಯಿತು.

ನಮ್ಮ ನಾಡೂ ಈ ಕಥೆಯಿಂದ ದೂರವಿಲ್ಲ. ಅಮೆರಿಕದ ಬೆಳ್ಳಿಯು ಬಟ್ಟೆ, ಮೆಣಸುಗಳ ಬೆಲೆಯಾಗಿ ಸೂರತ್ ಮುಂತಾದ ಬಂದರುಗಳಿಗೆ ಬಂದಿಳಿದು, ಮೊಘಲರ ಟಂಕಸಾಲೆಗಳಲ್ಲಿ ರೂಪಾಯಿಯಾಯಿತು. ಕರಗಿಸಿ ಮತ್ತೆ ಎರಕ ಹೊಯ್ದ ಬೆಳ್ಳಿಗೆ ತನ್ನ ಹುಟ್ಟೂರಿನ ನೆನಪು ಇರುವುದಿಲ್ಲ.

ಪ್ರವಾದಿ ಮುಹಮ್ಮದ್(ಸ)ರು ಚಿನ್ನ, ಬೆಳ್ಳಿಯ ಪಾತ್ರೆಗಳಲ್ಲಿ ಉಣ್ಣುವುದನ್ನೂ ಕುಡಿಯುವುದನ್ನೂ ನಿಷೇಧಿಸಿದರು. ಚಿನ್ನ, ಬೆಳ್ಳಿಯನ್ನು ಕೂಡಿಟ್ಟು ಅಲ್ಲಾಹನ ಮಾರ್ಗದಲ್ಲಿ ವ್ಯಯಿಸದವರಿಗೆ ಪವಿತ್ರ ಕುರ್‌ಆನ್ ಕಠಿಣ ಎಚ್ಚರಿಕೆ ನೀಡಿದೆ. ಈ ಆದೇಶದ ಯುಕ್ತಿಯನ್ನು ಪೂರ್ಣವಾಗಿ ಬಲ್ಲವನು ಅಲ್ಲಾಹನೇ. ಆದರೂ ಪೊಟೋಸಿಯ ಚರಿತ್ರೆಯನ್ನು ಓದುವಾಗ, ಕೆಲವರ ಊಟದ ಮೇಜಿನ ಮೆರುಗಿಗೆ ಇನ್ನೆಷ್ಟು ಮಂದಿ ಬೆಲೆ ತೆರಬೇಕಾಯಿತೆಂಬುದು ನಮಗೆ ಮನವರಿಕೆಯಾಗುತ್ತದೆ.

ಮದುವೆಯ ಉಡುಗೊರೆಗಾಗಿ ಬೆಳ್ಳಿಯಂಗಡಿಯ ಮೆಟ್ಟಿಲೇರುವ ಮುನ್ನ ನಮ್ಮ ಕುಟುಂಬಗಳು ಒಂದು ಕ್ಷಣ ಯೋಚಿಸಲಿ. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕಲಿತ ಸಮುದಾಯ ನಮ್ಮದು. ಬಳಸಲಾಗದ ತಟ್ಟೆಗೆ ಸುರಿಯುವ ಹಣವು ಒಬ್ಬ ಕಾರ್ಮಿಕನ ಮಗುವಿನ ಓದಿಗೆ ನೆರವಾದರೆ, ಆ ಬೆಳಕು ಬೆಳ್ಳಿಯ ಹೊಳಪಿಗಿಂತ ಹೆಚ್ಚು ಕಾಲ ಉಳಿದೀತು.