ವಾರಾನ್ನ ಮತ್ತು ವಿದ್ಯಾರ್ಥಿನಿಲಯ

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ, ಹಳ್ಳಿಯಿಂದ ಬಂದ ಬಡ ವಿದ್ಯಾರ್ಥಿಗೆ ಊಟದಲ್ಲಿ ಆಯ್ಕೆಯೆಂಬುದೇ ಇರಲಿಲ್ಲ. ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಣ್ಣುವುದೇ ವಾರಾನ್ನ. ಒಂದು ಮನೆ ತಪ್ಪಿತೆಂದರೆ ಆ ದಿನ ಉಪವಾಸ. ಎಲೆಗೆ ಬಿದ್ದುದನ್ನು ಉಣ್ಣಬೇಕು. ಹುಳಿಗೆ ಉಪ್ಪು ಸಾಲದೆಂದು ಹೇಳುವಂತಿಲ್ಲ. ಮನೆಯವರ ಚಿಲ್ಲರೆ ಕೆಲಸಗಳನ್ನು ಮಾಡಿಕೊಡಬೇಕಾಗುತ್ತಿದ್ದುದೂ ಉಂಟು.

ಈ ಪದ್ಧತಿಯ ಔದಾರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಹೊಗಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ವಾರಾನ್ನದ ಬಾಗಿಲು ಬಹುಮಟ್ಟಿಗೆ ಬ್ರಾಹ್ಮಣ ಬಾಲಕರಿಗೆ ಮಾತ್ರ ತೆರೆದಿತ್ತು. ಉಳಿದವರಿಗೆ ಕಾಲೇಜಿನಲ್ಲಿ ಸ್ಥಳ ದೊರೆತರೂ ಊರಿನಲ್ಲಿ ಎಲೆ ಹಾಕುವವರಿರಲಿಲ್ಲ. 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯು ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರ ಪ್ರಾತಿನಿಧ್ಯವನ್ನು ವಿಚಾರಿಸಿತು. ಆ ಹುದ್ದೆಗೆ ಪದವಿ ಬೇಕು, ಪದವಿ ಮುಗಿಯುವವರೆಗೆ ಅನ್ನ ಬೇಕು. ಆದುದರಿಂದ ಜಾತಿಸಂಘಗಳೂ ಮಠಗಳೂ ತೆರೆದ ಉಚಿತ ವಿದ್ಯಾರ್ಥಿನಿಲಯಗಳನ್ನು ಬರಿಯ ಸಂಕುಚಿತ ಬುದ್ಧಿಯ ಫಲವೆಂದು ನಾವು ತಳ್ಳಿಹಾಕಲಾರೆವು. ಒಂದೊಂದು ಜಾತಿಗೆ ಒಂದೊಂದು ಅಡಿಗೆಮನೆಯಾಯಿತೆಂಬುದೂ ನಿಜವೇ. ಆದರೆ 1941ರಲ್ಲಿ ಶಿವಕುಮಾರಸ್ವಾಮಿಗಳು ಅಧಿಪತಿಗಳಾದ ಸಿದ್ಧಗಂಗೆಯ ಮಠದಲ್ಲಿ ಎಲ್ಲ ಜಾತಿಯ ಬಾಲಕರೂ ಒಂದೇ ಪಂಕ್ತಿಯಲ್ಲಿ ಕುಳಿತು ಮುದ್ದೆ ಸಾರು ಉಂಡರು.